ಹೆಬ್ಬೆಟ್ಟಿನ ಒತ್ತಡ

“ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಕಳೆದ ಮಂಗಳವಾರ ಬೆಳಿಗ್ಗೆ ಏಳೂವರೆಗೆ ಸಿಬ್ಬಂದಿ ವರ್ಗಕ್ಕೆ ಸೇರಿದ ಒಂದು ಕಾಲಿನ ಹೆಬ್ಬೆರಳು ಕ್ಲಬ್ಬಿನ ಈಜುಕೊಳವನ್ನು ಪ್ರವೇಶಿಸಿದ್ದು, ಸದರಿ ಬೆರಳು ಅಂದಾಜು ಎರಡು ಸೆಕೆಂಡುಗಳ ಕಾಲ ನೀರಿನಲ್ಲಿ ತಂಗಿದ್ದು, ತದನಂತರ ನೀರು ಹಸಿರು ಬಣ್ಣಕ್ಕೆ ತಿರುಗಿರುವುದನ್ನು ಆಡಳಿತ ಮಂಡಳಿಯು ಅತ್ಯಂತ ಗಂಭೀರವಾಗಿ ಪರಿಗಣಿಸಿದೆ.”

ಇಷ್ಟು ಓದಿ ಕಾರ್ಯದರ್ಶಿ ಒಂದು ಗುಟುಕು ನೀರು ಕುಡಿದ. ದೊಡ್ಡ ಕೊಡೆಯ ನೆರಳಲ್ಲಿ ಅವನು. ಎದುರಿಗೆ ಕಾದ ಹಾಸುಗಲ್ಲಿನ ಮೇಲೆ ಕ್ಲಬ್ಬಿನ ಸಿಬ್ಬಂದಿ, ಸಾಲಾಗಿ, ಬರಿಗಾಲಲ್ಲಿ. ಕೊಳದ ಹತ್ತಿರ ಸಿಬ್ಬಂದಿ ಚಪ್ಪಲಿ ಹಾಕಕೂಡದೆಂಬುದು ಹಳೆಯ ನಿರ್ಣಯ. ಹೆಬ್ಬೆರಳು ಬತ್ತಲೆ ಇದ್ದದ್ದು ಅದರಿಂದಲೇ ಎಂಬುದನ್ನು ಯಾರೂ ನೆನಪಿಸಲಿಲ್ಲ.

ಬೆರಳಿನ ಒಡತಿ ಸಾಲಿನಲ್ಲಿ ಮೂರನೆಯವಳು. ಕೊಳದ ದಂಡೆ ಗುಡಿಸುವುದು ಅವಳ ಕೆಲಸ. ಎಲೆ ಎತ್ತಲು ಬಗ್ಗಿದಾಗ ಕಾಲು ಜಾರಿತ್ತು. ಇಡೀ ಮೈ ಬೀಳಬೇಕಾದದ್ದನ್ನು ಪೊರಕೆ ಊರಿಕೊಂಡು ಒಂದು ಬೆರಳಿಗೆ ಮುಗಿಸಿದ್ದಳು. ಅವಳ ಪಕ್ಕದಲ್ಲಿ ಗಂಡ. ಪಂಪು ನೋಡಿಕೊಳ್ಳುವವನಾದ್ದರಿಂದ ಎಲ್ಲರೂ ಪಂಪಣ್ಣ ಎಂದು ಕರೆದೂ ಕರೆದೂ, ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಯಾರಾದರೂ ಕೂಗಿದರೆ ಬೇರೆ ಯಾರನ್ನೋ ಕರೆದರೆಂದು ಅವನೇ ಹಿಂದೆ ತಿರುಗಿ ನೋಡುತ್ತಿದ್ದ.

“ಆದ್ದರಿಂದ,” ಎಂದು ಕಾರ್ಯದರ್ಶಿ ದನಿ ಏರಿಸಿದ, “ಇನ್ನು ಮುಂದೆ ಸಿಬ್ಬಂದಿಯ ದೇಹದ ಯಾವುದೇ ಭಾಗ ಕೊಳದ ನೀರಿಗಾಗಲಿ, ಕೊಳದ ನೀರು ಸಿಬ್ಬಂದಿಯ ದೇಹದ ಯಾವುದೇ ಭಾಗಕ್ಕಾಗಲಿ ತಾಗತಕ್ಕದ್ದಲ್ಲ. ತಾಗಿದಲ್ಲಿ, ಕಾರಣ ಕೇಳದೆ, ಕೆಲಸವನ್ನೂ ವಸತಿಯನ್ನೂ ಅದೇ ದಿನ ಹಿಂಪಡೆಯಲಾಗುವುದು. ಅಧ್ಯಕ್ಷರ ಸಹಿಯುಳ್ಳ ಇನ್ನೊಂದು ನಿರ್ಣಯದಿಂದಲ್ಲದೆ ಈ ನಿರ್ಣಯವನ್ನು ಬದಲಿಸತಕ್ಕದ್ದಲ್ಲ.”

“ಸಾರ್,” ಎಂದ ಪಂಪಣ್ಣ, “ನೀರು ಹಸಿರಾಗಿದ್ದು ಬೆರಳಿಂದ ಅಲ್ಲ. ಫಿಲ್ಟರ್ ಕಟ್ಕೊಂಡಿದೆ. ಮೀಟ್ರು ಸತ್ತು ಮೂರು ತಿಂಗಳಾಯ್ತು ಅಂತ ನಾನು—”

“ನಿನ್ನ ಕೇಳಿದ್ನಾ? ಬೋಳಿಮಗನೇ, ಹೆಂಡ್ತಿ ಕಾಲು ಹಿಡಿಯೋಕೆ ಆಗದವನು ಫಿಲ್ಟರ್ ಬಗ್ಗೆ ಪಾಠ ಹೇಳ್ತಾನೆ.” ಕಾರ್ಯದರ್ಶಿ ನಿರ್ಣಯ ಪುಸ್ತಕ ಮುಂದೆ ತಳ್ಳಿ, ಬೆರಳಿನ ಒಡತಿಗೆ ಶಾಯಿಪ್ಯಾಡು ತೋರಿಸಿದ. “ಬಾ ಇಲ್ಲಿ. ಒತ್ತು.”

“ನಂಗೆ ಸಹಿ ಮಾಡೋಕೆ ಬರ್ತದೆ ಸಾರ್. ಏಳನೇ ಕ್ಲಾಸು ಓದಿದ್ದೀನಿ.”

“ನೀರಿಗೆ ಕಾಲಿಟ್ಟಿದ್ದು ಸಾಲ್ದಾ, ಈಗ ಪೆನ್ನಿಗೆ ಕೈ ಇಡ್ತೀಯಾ? ಹೆಬ್ಬೆಟ್ಟು ಒತ್ತು ಅಂದ್ರೆ ಒತ್ತು.”

“ಯಾವ್ದು ಸಾರ್, ಕೈದಾ ಕಾಲಿಂದಾ? ತಪ್ಪು ಮಾಡಿದ್ದು ಕಾಲಿಂದು.”

ಸಾಲಿನ ಕೊನೆಯಲ್ಲಿ ಗೇಟು ಕಾಯುವ ಮುದುಕ, ಎಲ್ಲರ ಗೇಟಜ್ಜ, ಕೆಮ್ಮಿದಂತೆ ನಕ್ಕ. ಕಾರ್ಯದರ್ಶಿ ಅವಳ ಮಣಿಕಟ್ಟು ಹಿಡಿದು ಹೆಬ್ಬೆರಳನ್ನು ಪ್ಯಾಡಿನ ಮೇಲೂ ಪುಸ್ತಕದ ಮೇಲೂ ತಾನೇ ಒತ್ತಿದ. ಆಮೇಲೆ ತನ್ನ ಕೈಯನ್ನು ಕೊಳದ ನೀರಿನಲ್ಲೇ ತೊಳೆದುಕೊಂಡ.

ಮೀಟರಿನ ಕಥೆ ಇದು.

ಕೊಳದ ನೀರೆಲ್ಲ ಪಂಪಿನ ಮೂಲಕ ಒಂದು ದೊಡ್ಡ ಫೈಬರ್ ಟ್ಯಾಂಕಿನೊಳಗೆ ಹೋಗಿ, ಅಲ್ಲಿಯ ಮರಳಿನಲ್ಲಿ ಸೋಸಿಕೊಂಡು ವಾಪಸು ಬರಬೇಕು. ಮರಳಿನಲ್ಲಿ ಕೊಳೆ ತುಂಬಿದಷ್ಟೂ ಟ್ಯಾಂಕಿನೊಳಗೆ ಒತ್ತಡ ಏರುತ್ತದೆ. ಎಷ್ಟು ಏರಿತೆಂದು ಹೇಳಲು ಟ್ಯಾಂಕಿನ ನೆತ್ತಿಯಲ್ಲಿ ಅಂಗೈಯಗಲದ ಒಂದು ಮೀಟರು. ಅದರಲ್ಲಿ ಒಂದು ಮುಳ್ಳು. ಮುಳ್ಳು ಹನ್ನೆರಡರಲ್ಲಿದ್ದರೆ ಕ್ಷೇಮ. ಇಪ್ಪತ್ತು ದಾಟಿದರೆ ನೀರನ್ನು ಉಲ್ಟಾ ಓಡಿಸಿ ಮರಳು ತೊಳೆಯಬೇಕು. ಮೂವತ್ತು ದಾಟಿದರೆ ದೂರ ನಿಲ್ಲಬೇಕು. ಹಿಂದೆ ದುಡಿದ ಕಡೆ ಇಂಥದೇ ಟ್ಯಾಂಕಿನ ಮುಚ್ಚಳ ತಗಡಿನ ಸೂರನ್ನು ಸೀಳಿಕೊಂಡು ಹೋದದ್ದನ್ನು ಪಂಪಣ್ಣ ಕಣ್ಣಾರೆ ಕಂಡಿದ್ದ.

ಆದರೆ ಈ ಮುಳ್ಳು ಹನ್ನೆರಡರಲ್ಲಿ ಬೇರು ಬಿಟ್ಟಿತ್ತು. ಪಂಪು ಓಡಿದರೂ ಹನ್ನೆರಡು, ನಿಂತರೂ ಹನ್ನೆರಡು. ಬದುಕಿರುವ ಮೀಟರಾದರೆ ಪಂಪು ನಿಂತೊಡನೆ ಸೊನ್ನೆಗೆ ಇಳಿಯಬೇಕು. ಇದನ್ನು ತೋರಿಸಲೆಂದೇ ಪಂಪಣ್ಣ ಒಂದು ದಿನ ಕಾರ್ಯದರ್ಶಿಯನ್ನು ಕರೆತಂದು ಅವನೆದುರೇ ಸ್ವಿಚ್ಚು ಆರಿಸಿದ್ದ.

“ನೋಡಿ ಸಾರ್, ಪಂಪು ಆಫ್. ಆದ್ರೂ ಹನ್ನೆರಡು.”

ಕಾರ್ಯದರ್ಶಿ ಕನ್ನಡಕ ಏರಿಸಿ ನೋಡಿದ. “ಒಳ್ಳೇದೇ ಆಯ್ತಲ್ಲ. ಕರೆಂಟಿಲ್ಲದೆ ಒತ್ತಡ ಬರ್ತಿದೆ.” ಹೋಗುವಾಗ ಬಾಗಿಲಲ್ಲಿ ನಿಂತು, “ಇಪ್ಪತ್ತು ಆಗೋ ತನಕ ಮರಳು ತೊಳೀಬೇಡ. ನೀರೇನು ನಿಮ್ಮಪ್ಪನ ಮನೇದಾ ಚರಂಡಿಗೆ ಬಿಡೋಕೆ?” ಎಂದಿದ್ದ.

ಮುಳ್ಳು ಇಪ್ಪತ್ತಕ್ಕೆ ಹೋಗಲಿಲ್ಲ. ಮರಳು ತೊಳೆಯಲಿಲ್ಲ. ನೀರು ತನ್ನ ಪಾಡಿಗೆ ತಾನು ಹಸಿರಾಯಿತು. ಪಂಪಣ್ಣ ಗಂಟೆಗೊಮ್ಮೆ ಲಾಗ್‌ಬುಕ್ಕಿನಲ್ಲಿ ಹನ್ನೆರಡು, ಹನ್ನೆರಡು, ಹನ್ನೆರಡು ಎಂದು ಬರೆದ.

ನಿಜವಾದ ಮೀಟರು ಬೇರೆ ಇತ್ತು. ಅದು ಅವನ ಅತ್ತೆಯ ಬೆನ್ನು.

ಪಂಪ್‌ರೂಮಿಗೆ ಆತುಕೊಂಡಂತೆ ಎಂಟಡಿಗೆ ಒಂಬತ್ತಡಿಯ ಒಂದು ಕೋಣೆ. ಕ್ಲಬ್ಬು ಕೊಟ್ಟ ವಸತಿ. ಒಂದು ಗೋಡೆಗೆ ಬಾಗಿಲು, ಒಂದಕ್ಕೆ ಒಲೆ, ಒಂದಕ್ಕೆ ಗಂಡ ಹೆಂಡತಿಯ ಹಾಸಿಗೆ. ನಾಲ್ಕನೆಯ ಗೋಡೆಗೆ ಅತ್ತೆಯ ಚಾಪೆ. ಆ ಗೋಡೆಯ ಆಚೆಗೇ ಟ್ಯಾಂಕು. ಅತ್ತೆಗೆ ಕಿವಿ ಕೇಳುವುದಿಲ್ಲ, ಆದ್ದರಿಂದ ಬೆನ್ನು ಕೇಳುತ್ತದೆ. ಮಲಗಿದಲ್ಲಿಂದಲೇ ಆಕೆ ವರದಿ ಕೊಡುತ್ತಿದ್ದಳು. ಗೋಡೆ ಗೊರಕೆ ಹೊಡೀತಿದೆ ಎಂದರೆ ಹನ್ನೆರಡು. ಗುರ್ ಅಂತಿದೆ ಎಂದರೆ ಇಪ್ಪತ್ತು. ಹಲ್ಲು ಕಡೀತಿದೆ ಎಂದರೆ ಪಂಪಣ್ಣ ಊಟ ಬಿಟ್ಟು ಎದ್ದುಹೋಗಿ, ಗಾಳಿ ತಿರುಪು ಸಡಿಲಿಸಿ, ಟ್ಯಾಂಕಿನ ಬಾಯಿಗೆ ಬಿಗಿದ ಪಟ್ಟಿಯನ್ನು ಮುಟ್ಟಿ ನೋಡಿ ಬರುತ್ತಿದ್ದ. ಆ ಪಟ್ಟಿಯಲ್ಲಿ ಕೂದಲೆಳೆಯಷ್ಟು ಒಂದು ಬಿರುಕು ಬಿದ್ದಿತ್ತು.

ಈಚೆಗೆ ಗೋಡೆ ದಿನವಿಡೀ ಹಲ್ಲು ಕಡಿಯುತ್ತಿತ್ತು.

“ಅವ್ವನ್ನ ಎಲ್ಲಿಗಾದ್ರೂ ಕಳ್ಸೋಣ,” ಎಂದಳು ಹೆಂಡತಿ.

“ಎಲ್ಲಿಗೆ? ಒಲೆ ಮೇಲಾ?”

“ಹಂಗಾದ್ರೆ ಅವರ ಮುಖಕ್ಕೆ ಹೇಳು. ಮೀಟ್ರು ಹಾಕದಿದ್ರೆ ಪಂಪು ಓಡಿಸಲ್ಲ ಅಂತ.”

ಹೊರಗೆ ಬೀಡಿ ಸೇದುತ್ತಿದ್ದ ಗೇಟಜ್ಜ ಕಿಟಕಿಯಿಂದಲೇ ಹೇಳಿದ, “ಹೇಳಲ್ಲಮ್ಮ ಇವನು. ಇವನಿಗೆ ಮೀಟ್ರಿಲ್ಲ.”

“ಮೂರು ತಿಂಗಳಿಂದ ನಾನೂ ಅದನ್ನೇ ಬಾಯಿ ಬಡ್ಕೊಳ್ತಿದ್ದೀನಲ್ಲ ಅಜ್ಜ,” ಎಂದ ಪಂಪಣ್ಣ.

ನಿರ್ಣಯವಾದ ಮೇಲೆ ಸದಸ್ಯರ ಮಕ್ಕಳಿಗೆ ಹೊಸ ಆಟ ಸಿಕ್ಕಿತು. ನೀರು ಹಸಿರಾದರೇನು, ಅವರು ಇಳಿಯುವುದನ್ನು ಬಿಟ್ಟಿರಲಿಲ್ಲ. ದಂಡೆ ಗುಡಿಸಲು ಬಂದವಳ ಕಡೆಗೆ ಬೊಗಸೆಯಲ್ಲಿ ನೀರು ಎರಚುವುದು, ಒಂದು ಹನಿ ತಾಗಿದರೂ “ಔಟ್” ಎನ್ನುವುದು. ಅವಳು ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಬಿಚ್ಚಿದ ಛತ್ರಿ ಹಿಡಿದು ಕುಣಿಯುತ್ತ ಗುಡಿಸಿದಳು. ತಾಯಂದಿರು ಕುರ್ಚಿಯಲ್ಲಿ ಕೂತು ನಕ್ಕರು. ಒಬ್ಬಾಕೆ ವಿಡಿಯೋ ಮಾಡಿಕೊಂಡು, “ಪಾಪ, ಎಷ್ಟು ಚುರುಕು ನೋಡಿ,” ಎಂದಳು. ಮೂರು ದಿನದಲ್ಲಿ ಅವಳು ಒಂದು ಹನಿಯನ್ನೂ ಮೈಗೆ ತಾಗಿಸಿಕೊಳ್ಳಲಿಲ್ಲ. ಕೋಣೆಗೆ ಬಂದ ಮೇಲೂ ಛತ್ರಿಯನ್ನು ಹಿಡಿಕೆಯಲ್ಲೇ ಹಿಡಿದು ಒಣಹಾಕುತ್ತಿದ್ದಳು.

ಕೊನೆಗೆ ಮುಳ್ಳಿಗೆ ಮೋಕ್ಷ ಸಿಕ್ಕಿದ್ದು ಆರೋಗ್ಯ ಇಲಾಖೆಯ ಒಬ್ಬ ಇನ್‌ಸ್ಪೆಕ್ಟರಿನಿಂದ. ಅವನು ಲಾಗ್‌ಬುಕ್ಕು ತಿರುವಿ ಹಾಕಿ, “ಎರಡು ದಿನ ಈ ಬೀದಿಗೇ ಕರೆಂಟಿರಲಿಲ್ಲ. ಆಗಲೂ ಹನ್ನೆರಡಾ?” ಎಂದು ಕೇಳಿದ. ಕಾರ್ಯದರ್ಶಿ ಪಂಪಣ್ಣನ ಮುಖ ನೋಡಿದ. ಪಂಪಣ್ಣ ಮುಳ್ಳಿನ ಮುಖ ನೋಡಿದ. ಹತ್ತು ದಿನದೊಳಗೆ ಮೀಟರು ಬದಲಾಗದಿದ್ದರೆ ಕೊಳಕ್ಕೆ ಬೀಗ ಎಂದು ಬರೆದುಕೊಟ್ಟು ಇನ್‌ಸ್ಪೆಕ್ಟರು ಹೋದ.

ಬದಲಾಯಿಸುವುದು ಕಾಲು ಗಂಟೆಯ ಕೆಲಸ. ಆದರೆ ಆಡಳಿತ ಮಂಡಳಿಯ ಚುನಾವಣೆ ಹತ್ತಿರದಲ್ಲಿತ್ತು. ಹೀಗಾಗಿ ಮೀಟರು ಬದಲಾಗಲಿಲ್ಲ. ‘ನೂತನ ಒತ್ತಡ ಮಾಪಕದ ಲೋಕಾರ್ಪಣೆ’ ನಿಗದಿಯಾಯಿತು. ಅಧ್ಯಕ್ಷರು ಸ್ವಹಸ್ತದಿಂದ ಹಳೆಯದನ್ನು ಬಿಚ್ಚಿ ಹೊಸದನ್ನು ಜೋಡಿಸುವುದು. ಗೋಡೆಗೆ ಅವರ ಹೆಸರಿನ ಕಲ್ಲು. ನಂತರ ಅವರಿಂದಲೇ ಮೊದಲ ಈಜು. ಹಸಿರು ನೀರಿಗೆ ಕಾರ್ಯದರ್ಶಿ ನಾಲ್ಕು ಬಾಟಲಿ ನೀಲಿ ಬಣ್ಣ ಸುರಿಸಿದ. ಕೊಳ ನವಿಲಿನ ಕುತ್ತಿಗೆಯಂತಾಯಿತು.

ಹಿಂದಿನ ದಿನ ಸಂಜೆ, ಜೋಡಿಸುವ ಕ್ರಮ ಹೇಳಿಕೊಡಲೆಂದು ಮೀಟರಿನ ಪೆಟ್ಟಿಗೆಯನ್ನು ಪಂಪಣ್ಣನ ಕೈಗೆ ಒಂದು ಗಂಟೆಯ ಮಟ್ಟಿಗೆ ಕೊಟ್ಟರು. ಅವನು ಅದನ್ನು ಕೋಣೆಗೆ ತಂದು ಹೆಂಡತಿಗೆ ಬಿಚ್ಚಿ ತೋರಿಸಿದ. ಮುಖದ ಗಾಜಿನ ಮೇಲೆ ಬೆರಳ ಗುರುತು ಬೀಳದಂತೆ ಕೊರಳಲ್ಲೇ ಹಿಡಿದಿದ್ದ.

“ಮುಖ ಹಿಡಿದು ತಿರುಗಿಸಬಾರದು. ಒಳಗೆ ಸೂಕ್ಷ್ಮ ಇರ್ತದೆ, ಕೆಟ್ಟೋಗ್ತದೆ. ಇಲ್ಲಿ ತಿರುಪಿನ ಗೆರೆಗೆ ಬಿಳಿ ಟೇಪು ಸುತ್ತಬೇಕು, ಮೂರೇ ಸುತ್ತು, ತಿರುಪು ಹೋಗೋ ದಿಕ್ಕಿಗೇ. ಮೊದ್ಲು ಕೈಯಲ್ಲಿ, ಆಮೇಲೆ ಸ್ಪ್ಯಾನರಲ್ಲಿ ಒಂದು ಚೂರು. ಜೋರು ಮಾಡಿದ್ರೆ ಟ್ಯಾಂಕಿನ ತಿರುಪು ಸೀಳ್ತದೆ.”

“ನನ್ನನ್ನ ಇಷ್ಟು ನಾಜೂಕಾಗಿ ಯಾವತ್ತು ಹಿಡಿದಿದ್ದೀಯ?”

“ನೀನು ಸೊನ್ನೆಗೆ ಇಳಿಯೋದೇ ಇಲ್ಲವಲ್ಲ.” ಅವನು ಮುಳ್ಳನ್ನು ತೋರಿಸಿದ, ಅದು ಸೊನ್ನೆಯಲ್ಲಿ ಸುಮ್ಮನೆ ನಿಂತಿತ್ತು. “ಮರಳು ತೊಳೆದ ಮೇಲೆ ಎಲ್ಲಿ ನಿಲ್ತದೋ ಅಲ್ಲಿ ಗಾಜಿನ ಮೇಲೆ ಒಂದು ಗೆರೆ ಹಾಕಬೇಕು. ನಿನ್ನ ಉಗುರು ಬಣ್ಣ ಇದ್ಯಲ್ಲ, ಕೆಂಪು. ಅದಕ್ಕಿಂತ ಎಂಟು ಜಾಸ್ತಿ ಆದ್ರೆ ಮತ್ತೆ ತೊಳೀಬೇಕು. ಅಷ್ಟೇ. ಅವ್ವ ಗೋಡೆಗೆ ಬೆನ್ನು ಹಾಕಿ ಆರಾಮಾಗಿ ನಿದ್ದೆ ಮಾಡಬಹುದು.”

ಅತ್ತೆ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು, “ಗಡಿಯಾರ ಚೆನ್ನಾಗಿದೆ. ಒಂದೇ ಮುಳ್ಳು ಯಾಕೆ?” ಎಂದಳು.

ಪಂಪಣ್ಣ ಪೆಟ್ಟಿಗೆ ವಾಪಸು ಕೊಟ್ಟು ಕಾರ್ಯದರ್ಶಿಗೆ ಒಂದೇ ಮಾತು ಹೇಳಿದ. “ಸಾರ್, ನಾಳೆ ಬಿಚ್ಚೋಕೆ ಮುಂಚೆ ಪಂಪು ಆರಿಸಬೇಕು. ಗಾಳಿ ತಿರುಪು ಬಿಟ್ಟು, ಉಸ್ ಅನ್ನೋದು ನಿಂತ ಮೇಲೆ ಕೈ ಹಾಕಬೇಕು.”

“ಪಂಪು ಆರಿಸಿದ್ರೆ ಜಲಪಾತ ನಿಲ್ಲುತ್ತಲ್ಲ.”

ಕೊಳದ ತಲೆಯಲ್ಲಿ ಸಿಮೆಂಟಿನ ಬಂಡೆಗಳ ಒಂದು ಜಲಪಾತವಿತ್ತು. ಅದಕ್ಕೂ ಅದೇ ಪಂಪು. “ನಿಲ್ತದೆ ಸಾರ್.”

“ಫೋಟೋದಲ್ಲಿ ಅಧ್ಯಕ್ಷರ ಹಿಂದೆ ಜಲಪಾತ ಬೇಕು. ಪಂಪು ಓಡಲಿ. ಮುಳ್ಳು ಹೆಂಗಿದ್ರೂ ಹನ್ನೆರಡಲ್ಲಿದೆಯಲ್ಲ, ಏನೂ ಆಗಲ್ಲ.” ಆಮೇಲೆ ನೆನಪಾದಂತೆ, “ನಾಳೆ ನೀವ್ಯಾರೂ ಕ್ಯಾಮೆರಾಕ್ಕೆ ಬೀಳಬೇಡಿ. ಬೇಲಿ ಹಿಂದೆ ಇರಿ. ಕರೆದ್ರೆ ಬನ್ನಿ. ಆ ಮುದುಕಿ ಕೋಣೆಯಿಂದ ಆಚೆ ಬರಕೂಡದು,” ಎಂದ.

ಬೆಳಿಗ್ಗೆ ಹತ್ತಕ್ಕೆ ಅಧ್ಯಕ್ಷರು ಬಿಳಿ ಷರ್ಟು, ಬಿಳಿ ಪ್ಯಾಂಟು, ಬಿಳಿ ಬೂಟಿನಲ್ಲಿ ಬಂದರು. ಕೊಳದ ದಂಡೆಯಲ್ಲಿ ಭಾಷಣವಾಯಿತು. ಆಧುನಿಕ ಬದುಕಿನ ದೊಡ್ಡ ಶತ್ರು ಒತ್ತಡ ಎಂದರು. ಒತ್ತಡವನ್ನು ಅಳೆಯಬಲ್ಲವನೇ ಆಳಬಲ್ಲ ಎಂದರು. ಚಪ್ಪಾಳೆ ಬಿತ್ತು. ಅವರ ಹಿಂದೆ ಜಲಪಾತ ನೆಗಡಿಯಾದ ಮೂಗಿನಂತೆ ಸೋರುತ್ತಿತ್ತು.

ಪಂಪಣ್ಣ, ಅವನ ಹೆಂಡತಿ, ಗೇಟಜ್ಜ ಮೂವರೂ ಬೇಲಿಯ ಹಿಂದಿದ್ದರು. ಅತ್ತೆಯನ್ನು ಪಂಪಣ್ಣ ಬೆಳಗಾಗುತ್ತಲೇ ಕೋಣೆಯಿಂದ ಹೊರಡಿಸಿ, ಗೇಟಿನ ಹೊರಗಿನ ಮರದಡಿ ಅಜ್ಜನ ಕುರ್ಚಿಯಲ್ಲಿ ಕೂರಿಸಿ ಬಂದಿದ್ದ. ಅಪ್ಪಣೆಗಳಲ್ಲಿ ಅವನು ಮುರಿದದ್ದು ಅದೊಂದನ್ನೇ.

ಮೆರವಣಿಗೆ ಪಂಪ್‌ರೂಮಿಗೆ ಬಂತು. ರಿಬ್ಬನ್ನು ಕಟ್ಟಿದ ಸ್ಪ್ಯಾನರನ್ನು ತಟ್ಟೆಯಲ್ಲಿ ತಂದರು. ಅಧ್ಯಕ್ಷರು ಹಳೆಯ ಮೀಟರನ್ನು ಒಂದು ಸುತ್ತು ತಿರುಗಿಸಿ ಕ್ಯಾಮೆರಾ ನೋಡಿದರು, ಎರಡು ಸುತ್ತು ತಿರುಗಿಸಿ ನಕ್ಕರು. ಮೂರನೆಯ ಸುತ್ತಿಗೆ ಮೀಟರು ಅವರ ಕೈಗೆ ಬಂತು. ಅದರ ಹಿಂದೆಯೇ ಮೂರು ತಿಂಗಳ ಒತ್ತಡವೂ ಬಂತು. ಬೆರಳು ದಪ್ಪದ ನೀಲಿ ಹಸಿರು ನೀರು ಸೂರಿಗೆ ಬಡಿದು, ಅಲ್ಲಿಂದ ಛತ್ರಿಯಂತೆ ಬಿಚ್ಚಿಕೊಂಡು ಅಧ್ಯಕ್ಷರ ಮೇಲೆ, ಸದಸ್ಯರ ಮೇಲೆ, ಒಂಬತ್ತು ಸ್ವಿಚ್ಚುಗಳ ಬೋರ್ಡಿನ ಮೇಲೆ ಸುರಿಯಿತು. ಸದಸ್ಯರು ಬಾಗಿಲಿನಿಂದ ಹೊರಗೆ ಒಬ್ಬರ ಮೇಲೊಬ್ಬರು ಬಿದ್ದರು. ಅಧ್ಯಕ್ಷರಿಗೆ ಆ ಕ್ಷಣಕ್ಕೆ ತೋಚಿದ್ದು ಒಂದೇ. ತೂತಿನ ಮೇಲೆ ಬಲಗೈ ಹೆಬ್ಬೆರಳನ್ನು ಒತ್ತಿ ಹಿಡಿದರು.

ನೀರು ನಿಂತಿತು, ಹೆಚ್ಚು ಕಡಿಮೆ.

“ಪಂಪಣ್ಣಾ, ಎಲ್ಲಿ ಸತ್ತೆಯೋ, ಬಾರೋ ಹಲ್ಕಾ ನನ್ಮಗನೇ.” ಇದು ಕಾರ್ಯದರ್ಶಿ.

ಪಂಪಣ್ಣ ಬಂದ. ಹೆಂಡತಿ ಛತ್ರಿ ಬಿಚ್ಚಿ ಅವನ ತಲೆಗೂ ತನ್ನ ತಲೆಗೂ ಹಿಡಿದಳು. ಇಬ್ಬರೂ ಬಾಗಿಲಿನಿಂದ ಮೂರು ಹೆಜ್ಜೆ ಈಚೆಗೆ, ನೆಲ ಒಣಗಿದ್ದಲ್ಲಿ ನಿಂತರು.

“ನಿಂತ್ಕೊಂಡು ಏನು ನೋಡ್ತೀಯಾ? ಒಳಗೆ ಬಂದು ಪಂಪು ಆರಿಸು.”

“ಒಳಗೆಲ್ಲ ಕೊಳದ ನೀರಿದೆ ಸಾರ್. ತಾಗತಕ್ಕದ್ದಲ್ಲ.”

 ಅಧ್ಯಕ್ಷರ ಬೆರಳ ಸಂದಿನಿಂದ ಒಂದು ಎಳೆ ನೀರು ಅವರದೇ ಕಿವಿಗೆ ಚಿಮ್ಮುತ್ತಿತ್ತು.

“ಎಡದಿಂದ ಮೂರನೇ ಸ್ವಿಚ್ಚು ಸಾರ್,” ಎಂದ ಪಂಪಣ್ಣ. “ನೀವು ಸದಸ್ಯರು. ನೀವು ಮುಟ್ಟಬಹುದು.”

ಕಾರ್ಯದರ್ಶಿ ಒಂದು ಕಾಲು ಒಳಗಿಟ್ಟ. ಹನಿಯುತ್ತಿದ್ದ ಬೋರ್ಡು ನೋಡಿ ಕಾಲು ಹಿಂದೆ ತೆಗೆದ. “ಶಾಕ್ ಹೊಡೆದ್ರೆ?”

“ನಂಗೆ ದಿನಾ ಹೊಡೀತದೆ ಸಾರ್. ಅಭ್ಯಾಸ ಆಗ್ತದೆ.”

“ಲೇ, ನಿರ್ಣಯ ರದ್ದು,” ಎಂದರು ಅಧ್ಯಕ್ಷರು ಒಳಗಿನಿಂದ. “ನಾನು ಹೇಳ್ತಿದ್ದೀನಿ, ರದ್ದು. ಬಾ.”

“ಬಾಯಲ್ಲಿ ಹೇಳಿದ್ರೆ ಆಗಲ್ಲ ಸಾರ್.” ಈಗ ಮಾತಾಡಿದವಳು ಹೆಂಡತಿ. “ಇನ್ನೊಂದು ನಿರ್ಣಯ ಬೇಕು. ನಿಮ್ಮ ಸಹಿ ಬೇಕು. ಬಿಸಿಲಲ್ಲಿ ನಿಲ್ಲಿಸಿ ಓದಿದ್ರಲ್ಲ, ನಂಗೆ ಬಾಯಿಪಾಠ ಇದೆ. ಒಂದು ಹನಿ ತಾಗಿದ್ರೂ ನಾಳೆ ನಾವು ಬೀದೀಲಿರ್ತೀವಿ, ನೀವು ‘ರದ್ದು ಅಂತ ಯಾವಾಗ ಅಂದೆ’ ಅಂತೀರಿ.”

ಪುಸ್ತಕ ಬಂತು. ಕಾರ್ಯದರ್ಶಿ ಬೇಲಿಯ ಹತ್ತಿರ ಕೂತು, ನೆಂದು ಮುದ್ದೆಯಾದ ಅಂಗಿತೋಳಿನಲ್ಲೇ ಬರೆದ: ಹೆಬ್ಬೆರಳಿನ ಕುರಿತಾದ ನಿರ್ಣಯವನ್ನು ರದ್ದುಪಡಿಸಲಾಗಿದೆ. ಬರೆದು ಅವಳ ಕಡೆ ಚಾಚಿದ. ಅಭ್ಯಾಸಬಲದಿಂದ ಶಾಯಿಪ್ಯಾಡನ್ನೂ ಚಾಚಿದ. ಅವಳು ಛತ್ರಿಯನ್ನು ಗಂಡನ ಕೈಗೆ ಕೊಟ್ಟು, ಕಾರ್ಯದರ್ಶಿಯ ಜೇಬಿನಿಂದ ತಾನೇ ಪೆನ್ನು ತೆಗೆದುಕೊಂಡು, ಪೂರ್ತಿ ಹೆಸರು ಬರೆದಳು. ತಂದೆಯ ಹೆಸರನ್ನೂ ಬರೆದಳು. ಕೊನೆಯ ಅಕ್ಷರದ ಕೊಂಬನ್ನು ನಿಧಾನವಾಗಿ ಎಳೆದಳು. ಯಾರೂ ಅವಸರ ಮಾಡೆನ್ನಲಿಲ್ಲ.

“ಈಗ ಅಧ್ಯಕ್ಷರದ್ದು,” ಎಂದಳು.

ಎಲ್ಲರೂ ಅಧ್ಯಕ್ಷರ ಬಲಗೈ ನೋಡಿದರು.

“ಎಡಗೈಯಲ್ಲಿ ಮಾಡ್ತೀನಿ, ಕೊಡಿ.”

“ಎಡಗೈ ಸಹಿ ತಾಳೆಯಾಗಲ್ಲ ಸಾರ್,” ಎಂದ ಕಾರ್ಯದರ್ಶಿ ಸಣ್ಣ ದನಿಯಲ್ಲಿ. “ಹೋದ ವರ್ಷ ವಿರೋಧಿ ಗುಂಪಿನ ಮೇಲೆ ಅದೇ ಕಾರಣಕ್ಕೆ ನಾವೇ ದೂರು ಕೊಟ್ಟಿದ್ವಿ. ಆ ಗುಂಪಿನವರು ಇಲ್ಲೇ ಇದ್ದಾರೆ.”

ಆ ಗುಂಪಿನವರು ಇಲ್ಲೇ ಇದ್ದೇವೆ ಎಂಬಂತೆ ಒದ್ದೆ ತಲೆ ಆಡಿಸಿದರು. ಒಬ್ಬ ಫೋಟೋ ತೆಗೆದ.

“ಬೆರಳು ತೆಗೆದು ಮಾಡಲಾ?”

“ಬೆರಳು ತೆಗೆದ್ರೆ ಟ್ಯಾಂಕಿಗೆ ಒಳ್ಳೇದು ಸಾರ್,” ಎಂದ ಪಂಪಣ್ಣ. “ಆದ್ರೆ ಪುಸ್ತಕ ನೆಂದೋಗ್ತದೆ, ಸಹಿ ಕರಗ್ತದೆ. ಪುಸ್ತಕಕ್ಕೆ ತಾಗಿದ ನೀರು ನಂಗೂ ತಾಗ್ತದೆ.”

“ಸಹಿ ಆಗದಿದ್ರೆ ಹೆಬ್ಬೆಟ್ಟು ಒತ್ತಲಿ,” ಎಂದ ಗೇಟಜ್ಜ ಬೇಲಿಯ ಹಿಂದಿನಿಂದ.

“ಒತ್ತಿದ್ದಾರಲ್ಲ ಅಜ್ಜ,” ಎಂದಳು ಅವಳು.

ಟ್ಯಾಂಕಿನ ಬಾಯಿಯ ಪಟ್ಟಿ ಒಮ್ಮೆ ಟಿಕ್ ಎಂದಿತು. ಪಂಪಣ್ಣನಿಗೆ ಮಾತ್ರ ಅದು ಗೊತ್ತಾಯಿತು. ಅವನು ಹೆಂಡತಿಯ ತೋಳು ಹಿಡಿದು ಇನ್ನೂ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದ. “ಸಾರ್, ಪಟ್ಟಿ ಬಿರುಕು ಬಿಟ್ಟಿದೆ. ಬೆರಳು ಬಿಟ್ಟು ಆಚೆ ಬನ್ನಿ,” ಎಂದ. ಅಧ್ಯಕ್ಷರು ತಮ್ಮ ಷರ್ಟು ನೋಡಿಕೊಂಡರು, ಬಾಗಿಲಲ್ಲಿದ್ದ ಕ್ಯಾಮೆರಾ ನೋಡಿದರು, “ಮೊದಲು ಸ್ವಿಚ್ಚು,” ಎಂದರು. ಹೊರಗೆ ಜಲಪಾತ ಮೂಗು ಸೋರಿಸುತ್ತಲೇ ಇತ್ತು. ಬಾಗಿಲಾಚೆಯ ಮೇಜಿನ ಮೇಲೆ ಹೊಸ ಮೀಟರು ತನ್ನ ಪೆಟ್ಟಿಗೆಯಲ್ಲಿ, ಸೊನ್ನೆಯಲ್ಲಿ, ಹನಿ ತಾಗದೆ ಕೂತಿತ್ತು.

ಕ್ಲಬ್ಬಿನ ಗಡಿಯಾರ ಹನ್ನೊಂದು ಹೊಡೆಯಿತು. ಹನ್ನೊಂದಕ್ಕೆ ಪಂಪಣ್ಣನಿಗೆ ಒಂದು ಕೆಲಸವಿತ್ತು, ಒಣ ಕೆಲಸ. ಬೇಲಿಯ ಗೂಟಕ್ಕೆ ನೇತು ಹಾಕಿದ್ದ ಲಾಗ್‌ಬುಕ್ಕು ತೆಗೆದುಕೊಂಡ. ಕತ್ತು ಚಾಚಿ ಒಳಗೆ ನೋಡಿದ. ಅಧ್ಯಕ್ಷರು ಎಡಗೈಯಲ್ಲಿ ಹಳೆಯ ಮೀಟರನ್ನು ಇನ್ನೂ ಹಿಡಿದಿದ್ದರು. ಟ್ಯಾಂಕಿಲ್ಲ, ಕೊಳವೆಯಿಲ್ಲ, ಕೊರಳಿಗೆ ಅಂಟಿದ ಹಳೆಯ ಟೇಪಿನ ಒಂದು ಎಳೆ ಮಾತ್ರ ಗಾಳಿಯಲ್ಲಿ ಆಡುತ್ತಿತ್ತು.

ಪಂಪಣ್ಣ ಬರೆದ. ಸಮಯ: ಹನ್ನೊಂದು. ಮುಳ್ಳು: ಹನ್ನೆರಡು. ಸ್ಥಳ: ಅಧ್ಯಕ್ಷರ ಎಡಗೈ.